ಸಾವಿನ ಹಾಳೆಯ ಅಂಚಿನ ಗೆರೆ

ಕಂತು ಏಳು

"ಏನಯ್ಯಾ ವಲ್ಕೊ, ಸತ್ತವನಿಗೆ ಮುತ್ತು ಕೊಡ್ತಾ ಇದ್ದೀಯಾ?"

ಬೆನ್ನ ಹಿಂದೆ ಮೇಯರ್ ಗೆಂಚೊ ಬಂದು ನಿಂತಿದ್ದ. ವಲ್ಕೊ ತಿರುಗಲಿಲ್ಲ. ಚೌಕದ ಲಿಂಡನ್ ಮರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ಕಾಂಡಕ್ಕೆ ಸಣ್ಣ ಮೊಳೆ ಹೊಡೆದು ಸಿಕ್ಕಿಸಿದ್ದ ಕಪ್ಪಂಚಿನ ಹಾಳೆಯನ್ನೇ ನೋಡುತ್ತಿದ್ದ.

ಹಾಳೆಯೊಳಗೆ ತ್ಸೋಲೊ ನಗುತ್ತಿದ್ದ. ತಲೆಗೆ ಟೊಪ್ಪಿ, ಹೆಗಲಿಗೆ ಅಕಾರ್ಡಿಯನ್ ವಾದ್ಯದ ಪಟ್ಟಿ. ಕೆಳಗೆ 'ನೀನಿಲ್ಲದೆ ಆರು ತಿಂಗಳು' ಎಂದಿತ್ತು. ಅದರ ಕೆಳಗೆ ಹೆಂಡತಿ ದಫಿನಾಳ ಹೆಸರು. ಡಾನ್ಯೂಬ್ ಹೊಳೆಯ ದಡದ ಈ ಬ್ರೆಸ್ತಾ ಊರಿನಲ್ಲಿ ಇಂಥ ಹಾಳೆ ಇಲ್ಲದ ಬಾಗಿಲು ಹುಡುಕಬೇಕು. ಸತ್ತ ದಿನಕ್ಕೊಂದು, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ಬೀದಿಯಲ್ಲಿ ಎದುರು ಸಿಗುವ ಮುಖಗಳಿಗಿಂತ ಮರಕ್ಕೆ ಅಂಟಿದ ಮುಖಗಳೇ ಈಗ ಹೆಚ್ಚು.

"ಬುಧವಾರ ಕಳುವಾದ ಕಂಪ್ಯೂಟರು ಹುಡುಕು ಅಂದ್ರೆ ನೀನು ಇಲ್ಲಿ ನಿಂತು ಹೆಣ ಓದ್ತಿದೀಯ," ಎಂದ ಗೆಂಚೊ. "ಇವತ್ತು ಶನಿವಾರ. ಸೋಮವಾರ ಹತ್ತು ಗಂಟೆಗೆ ಸೋಫಿಯಾದಿಂದ ಆ ಪ್ರತಿಷ್ಠಾನದ ಹೆಂಗಸು ಬರ್ತಾಳೆ. ಹನ್ನೆರಡು ಯಂತ್ರ ಎಲ್ಲಿ, ಹನ್ನೆರಡು ಮಕ್ಕಳೆಲ್ಲಿ ಅಂತಾಳೆ. ಏನು ತೋರಿಸ್ಲಿ? ನಿನ್ನ ಮೂಗಾ?"

"ತೋರಿಸು. ಸಾಕಷ್ಟು ದೊಡ್ಡದಿದೆ."

ಗೆಂಚೊ ನಗಲಿಲ್ಲ. ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಂಡ. ಅವನಿಗೆ ಹೇಳುವುದಕ್ಕೆ ಕಷ್ಟವಾದದ್ದು ಏನೋ ಇದೆ ಎಂದರ್ಥ.

"ನೋಡು ವಲ್ಕೊ. ಬೀಗ ಮುರಿದಿಲ್ಲ. ಓದುಮನೆಗೆ ಬೀಗದ ಕೈ ಇರೋದು ಎರಡು. ಒಂದು ನಿನ್ನ ಹತ್ರ, ಇನ್ನೊಂದು ಮೇಡಂ ರಾಲಿತ್ಸಾ ಹತ್ರ. ಯಂತ್ರಗಳ ಪಟ್ಟಿಗೆ ಸಹಿ ಹಾಕಿದವಳೂ ಅವಳೇ. ನೀನಲ್ಲ ಅಂತ ಊರಿಗೆಲ್ಲ ಗೊತ್ತು. ಹಾಗಾದ್ರೆ ಉಳಿದವರು ಯಾರು? ನಾನು ಸಂಜೆ ಪೊಲೀಸರಿಗೆ ಹೇಳ್ಲೇಬೇಕು."

"ಅವಳಲ್ಲ."

"ಹೇಗೆ ಹೇಳ್ತೀಯ?"

"ಅವಳಲ್ಲ ಅಂದೆನಲ್ಲ. ಬೇಕಾದ್ರೆ ನನ್ನ ಹೆಸರು ಬರ್ಕೋ. ಅವಳು ಕದ್ದಿದ್ರೆ ನಾನೂ ಕದ್ದ ಹಾಗೆ."

ಗೆಂಚೊ ಕೈ ಚೆಲ್ಲಿ ಪಂಚಾಯಿತಿ ಕಟ್ಟಡದ ಕಡೆ ನಡೆದ. ವಲ್ಕೊ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ.

*

ಆ ಕಾಗದದ ಮೇಲೆ 'ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಬನ್ನಿ' ಎಂದಿತ್ತು; ಓದುಮನೆಯ ಮುದ್ರಣಯಂತ್ರದಲ್ಲಿ ತೆಗೆದ ನಕಲು. ಓದುಮನೆಯ ಬಾಗಿಲಿನಿಂದ ಅವನೇ ಬಿಚ್ಚಿ ತಂದದ್ದು.

ಓದುಮನೆಗೆ ವಯಸ್ಸು ನೂರು ದಾಟಿದೆ. ಒಂದು ಕಾಲಕ್ಕೆ ಅಲ್ಲಿ ನಾಟಕ, ಕುಣಿತ, ತ್ಸೋಲೊನ ಅಕಾರ್ಡಿಯನ್ ಎಲ್ಲ ಇತ್ತು. ಶಾಲೆ ಮುಚ್ಚಿದ ಮೇಲೆ ಅಲ್ಲೂ ಜೇಡರ ಬಲೆ. ಎರಡು ವರ್ಷದ ಕೆಳಗೆ ರಾಲಿತ್ಸಾ ಬಂದಳು. ಇಪ್ಪತ್ತಾರರ ಹುಡುಗಿ, ಸಣ್ಣ ಕೈ, ದೊಡ್ಡ ಚೀಲ. ಮಕ್ಕಳಿಗೆ ಯಂತ್ರ ಬೇಕು ಎಂದು ಹದಿನೇಳು ಕಡೆ ಅರ್ಜಿ ಬರೆದಳು. ಹದಿನಾರು ಕಡೆ ಇಲ್ಲ ಎಂದರು. ಹದಿನೇಳನೆಯವರು, ಸೋಫಿಯಾದ ಪ್ರತಿಷ್ಠಾನದವರು, ಹನ್ನೆರಡು ಮಡಚುವ ಕಂಪ್ಯೂಟರು, ಒಂದು ಮುದ್ರಣಯಂತ್ರ, ಎರಡು ವರ್ಷದ ಅಂತರ್ಜಾಲದ ಖರ್ಚು ಕೊಟ್ಟರು. ಷರತ್ತು ಒಂದೇ: ಹನ್ನೆರಡು ಮಕ್ಕಳು ತಪ್ಪದೆ ಬರಬೇಕು. ಕಡಿಮೆಯಾದರೆ ಯಂತ್ರಗಳು ಬೇರೆ ಊರಿಗೆ.

ಹೋದ ಚಳಿಗಾಲ ಮೂರು ಮಕ್ಕಳನ್ನು ತಾಯಂದಿರು ಸ್ಪೇನಿಗೆ ಕರೆದುಕೊಂಡು ಹೋದರು. ಈಗ ಇರುವುದು ಒಂಬತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ಇನ್ನೂ ಹನ್ನೆರಡು ಹೆಸರು. ಇದು ರಾಲಿತ್ಸಾಗೂ ವಲ್ಕೊಗೂ ಗೊತ್ತು. ಅವರು ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ವಲ್ಕೊ ಮೂವತ್ತೆಂಟು ವರ್ಷ ಈ ಊರಿಗೆ ಅಂಚೆ ಹಂಚಿದವನು. ನಿವೃತ್ತಿಯಾದ ಮೇಲೆ ಊರಿಗೆ ಕಾಗದ ಬರುವುದೂ ನಿಂತಿತು. ಆಮೇಲೆ ಓದುಮನೆಯ ಬಾಗಿಲು ತೆಗೆಯುವ ಕೆಲಸವೂ, ಅದರ ಜೊತೆ ಶುಕ್ರವಾರಗಳೂ ಬಂದವು. ಮಧ್ಯಾಹ್ನ ನಾಲ್ಕಕ್ಕೆ ಮಕ್ಕಳು ಯಂತ್ರಗಳ ಮುಂದೆ ಕೂರುತ್ತಿದ್ದರು. ಪರದೇಶದಲ್ಲಿ ದುಡಿಯುವ ತಾಯಂದಿರು ಪರದೆಯ ಮೇಲೆ ಬರುತ್ತಿದ್ದರು. ಒಬ್ಬಳು ತಾನು ನೋಡಿಕೊಳ್ಳುವ ಮುದುಕಿಯ ಮನೆಯ ಅಡುಗೆಕೋಣೆಯಿಂದ, ಒಬ್ಬಳು ಸ್ಟ್ರಾಬೆರಿ ಹೊಲದ ಬದುವಿನಿಂದ, ಒಬ್ಬಳು ಬಸ್ಸಿನೊಳಗಿಂದ. 'ಹಲ್ಲು ತೋರಿಸು', 'ಕೂದಲು ಯಾಕೆ ಕತ್ತರಿಸಿದೆ', 'ಊಟ ಏನು' ಎಂಬ ಮಾತು. ವಲ್ಕೊ ಹಿಂದಿನ ಬೆಂಚಿನಲ್ಲಿ ಟೊಪ್ಪಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಅವನಿಗೆ ಯಾರ ಕರೆಯೂ ಬರುತ್ತಿರಲಿಲ್ಲ, ಬರುವುದಕ್ಕೆ ಯಾರೂ ಇರಲಿಲ್ಲ. ಬೇರೆಯವರಿಗೆ ಬಂದದ್ದನ್ನು ನೋಡಿ ಖುಷಿಪಡುವುದು ಅವನಿಗೆ ಹಳೆಯ ಕಸುಬು.

ನಿನ್ನೆ ಶುಕ್ರವಾರ. ನಾಲ್ಕಕ್ಕೆ ಒಂಬತ್ತು ಮಕ್ಕಳೂ ಬಂದು ಖಾಲಿ ಮೇಜುಗಳ ಮುಂದೆ ಕೂತಿದ್ದರು. ಯಂತ್ರಗಳಿಲ್ಲವೆಂದು ಗೊತ್ತಿದ್ದೂ ಬಂದಿದ್ದರು. ಐದರವರೆಗೆ ಕೂತು ಎದ್ದು ಹೋದರು. ಆ ಒಂದು ತಾಸು ವಲ್ಕೊನ ಎದೆಯ ಮೇಲೆ ಇನ್ನೂ ಕೂತಿತ್ತು.

ಸೋಮವಾರದೊಳಗೆ ಯಂತ್ರಗಳು ಸಿಗದಿದ್ದರೆ ಇನ್ನು ಎಲ್ಲ ಶುಕ್ರವಾರವೂ ಹಾಗೆಯೇ.

*

ಅವನು ಕಾಗದವನ್ನು ಸಾವಿನ ಹಾಳೆಯ ಪಕ್ಕಕ್ಕೆ ಹಿಡಿದ.

ಓದುಮನೆಯ ಕಾಗದದ ಬಲ ಅಂಚಿನಲ್ಲಿ ಕೂದಲೆಳೆಯಂಥ ಗೆರೆ. ಮೇಲಿನಿಂದ ಕೆಳಕ್ಕೆ ನೇರ ಬಂದು, ಕೆಳಗಿನಿಂದ ಎರಡು ಬೆರಳಗಲದಲ್ಲಿ ಕಡಿದು, ಮತ್ತೆ ಮುಂದುವರಿಯುತ್ತಿತ್ತು. ಹೋದ ವರ್ಷ ಯಾರೋ ಪುಟಾಣಿ ಹೊಳೆಯ ಚಿಪ್ಪೊಂದರ ನಕಲು ತೆಗೆಯಲು ಹೋಗಿ, ಮುದ್ರಣಯಂತ್ರದ ಗಾಜಿನ ಮೇಲಿಟ್ಟು ಮುಚ್ಚಳ ಅಮುಕಿತ್ತು. ಗಾಜಿಗೆ ಗೀರು ಬಿತ್ತು. ಅಂದಿನಿಂದ ಆ ಯಂತ್ರದ ನಕಲಿಗೆಲ್ಲ ಆ ಗೆರೆ.

ತ್ಸೋಲೊನ ಹಾಳೆಯ ಬಲ ಅಂಚಿನಲ್ಲೂ ಅದೇ ಗೆರೆ. ಎರಡು ಬೆರಳಗಲದಲ್ಲಿ ಅದೇ ಕಡಿತ.

ಈ ಹಾಳೆ ನಿನ್ನೆಯವರೆಗೆ ಇಲ್ಲಿರಲಿಲ್ಲ. ಮುದ್ರಣಯಂತ್ರ ಕಳುವಾದದ್ದು ಬುಧವಾರ. ಅಂದರೆ ಕಳುವಾದ ಮೇಲೆ ಕೆಲಸ ಮಾಡಿದೆ.

ದಫಿನಾ ಯಾರಿಂದಾದರೂ ಮಾಡಿಸಿಕೊಂಡಿರಬಹುದಲ್ಲ? ಅವನು ಮತ್ತೆ ಬಗ್ಗಿದ. 'ನೀನಿಲ್ಲದೆ' ಎಂಬುದು ತೆಳ್ಳಗಿನ ಅಕ್ಷರ. 'ಆರು ತಿಂಗಳು' ಎಂಬುದು ದಪ್ಪ ಅಕ್ಷರ, ಹಳೆಯ ಕಾಲದ ಅಚ್ಚು. ಅದರ ಸುತ್ತ ಪೆಟ್ಟಿಗೆಯ ಹಾಗೆ ಮಸುಕು ನೆರಳು. ಬೇರೆ ಹಾಳೆಯಿಂದ ಕತ್ತರಿಸಿ ಅಂಟಿಸಿದ ತುಂಡಿನ ನೆರಳು ಅದು. ನಲವತ್ತನೇ ದಿನದ ಹಾಳೆಯನ್ನು ತೆಗೆದು, 'ನಲವತ್ತು ದಿನ' ಇದ್ದಲ್ಲಿ ಇನ್ಯಾರದೋ ಹಳೆಯ ಹಾಳೆಯ 'ಆರು ತಿಂಗಳು' ಅಂಟಿಸಿ, ಗಾಜಿನ ಮೇಲೆ ಮಗುಚಿಟ್ಟು ಗುಂಡಿ ಒತ್ತಿದ್ದಾರೆ.

ಕಂಪ್ಯೂಟರು ಬಲ್ಲವರು ಇಷ್ಟು ಪಾಡು ಪಡುವುದಿಲ್ಲ. ಎರಡು ಪದ ಬದಲಿಸಿ ಅಚ್ಚು ಹಾಕುತ್ತಾರೆ. ರಾಲಿತ್ಸಾಗೆ ಅರೆ ನಿಮಿಷದ ಕೆಲಸ, ಮಕ್ಕಳಿಗೂ ಅಷ್ಟೇ. ಇದು ಕತ್ತರಿ, ಅಂಟು, ನಡುಗುವ ಬೆರಳು ಮಾತ್ರ ಬಲ್ಲವರ ಕೆಲಸ.

ಸಿಕ್ಕಿಬೀಳುತ್ತೇನೆ ಎಂದು ದಫಿನಾಗೆ ತೋಚಲಿಲ್ಲವೇ? ತೋಚಿರಬೇಕು. ಆದರೆ ಆರನೇ ತಿಂಗಳಿಗೆ ಹಾಳೆ ಹಾಕದೆ ಇರುವುದುಂಟೇ? ಅಚ್ಚಿನಂಗಡಿ ಮುಚ್ಚಿ ಎರಡು ತಿಂಗಳಾಗಿತ್ತು. ಕದ್ದ ಯಂತ್ರ ಮನೆಯಲ್ಲಿತ್ತು. ಗಂಡನ ಮುಖ ಮರದ ಮೇಲೆ ಮಳೆಗೆ ಮಾಸಿಹೋಗಿತ್ತು. ಈ ಊರಿನ ಯಾವ ಕಳ್ಳನಾದರೂ ಅಲ್ಲಿ ಜಾರಿಬೀಳುತ್ತಿದ್ದ.

*

ದಫಿನಾಳ ಮನೆ ಚೌಕದ ಇನ್ನೊಂದು ಬದಿಗೆ, ಓದುಮನೆಗೆ ಎದುರಾಗಿ. ಬಾಗಿಲಿಗೆ ಕಪ್ಪು ಪಟ್ಟಿ, ಅದರ ಪಕ್ಕ ಅದೇ ಹಾಳೆ.

"ಯಾರು? ವಲ್ಕೊನಾ? ಒಳಗೆ ಬಾ. ಬೂಟು ಒರೆಸ್ಕೊ. ನಿನ್ನ ಪಾಲಿನ ಗೋಧಿ ತಗೊಂಡು ಹೋಗು, ಇಡೀ ಬೀದಿಗೆ ಕೊಟ್ಟಾಯ್ತು, ನೀನೊಬ್ಬ ಬಾಕಿ."

ಸತ್ತವರ ನೆನಪಿಗೆ ಹಂಚುವ ಗೋಧಿಯನ್ನು ಬೇಯಿಸಿ, ಸಕ್ಕರೆ, ಅಕ್ರೋಟು ಹಾಕಿ ಕಾಗದದ ಲೋಟದಲ್ಲಿಟ್ಟಿದ್ದಳು. ವಲ್ಕೊ ನಿಂತೇ ಒಂದು ಚಮಚ ಬಾಯಿಗೆ ಹಾಕಿಕೊಂಡ.

"ದೇವರು ಅವನನ್ನ ಕ್ಷಮಿಸಲಿ."

"ಕ್ಷಮಿಸಲಿ. ಕ್ಷಮಿಸೋದಕ್ಕೆ ತುಂಬಾ ಇದೆ, ದೇವರಿಗೂ ಸಮಯ ಬೇಕು. ಕೂತ್ಕೊ."

ಅವನು ಕೂತ. ಅಡುಗೆಮನೆಯ ಮೂಲೆಯಲ್ಲಿ ತುರಿಕೆ ಸೊಪ್ಪು ತುಂಬಿದ ಕೈಗಾಡಿ ನಿಂತಿತ್ತು. ವಸಂತದಲ್ಲಿ ಎಲ್ಲರ ಮನೆಯಲ್ಲೂ ತುರಿಕೆ ಸೊಪ್ಪಿನ ಸಾರು. ಆದರೆ ಈ ಸೊಪ್ಪು ಬಾಡಿ ಕಪ್ಪಾಗಿತ್ತು. ಬುಧವಾರ ಕೊಯ್ದದ್ದು. ಅಡುಗೆಗೆಂದು ಕೊಯ್ದದ್ದಲ್ಲ.

"ಹಾಳೆ ಚೆನ್ನಾಗಿ ಬಂದಿದೆ, ದಫಿನಾ."

"ಹೂಂ."

"ಎಲ್ಲಿ ಮಾಡಿಸಿದೆ?"

"ಲೋಮ್ ಪೇಟೇಲಿ."

"'ಆರು ತಿಂಗಳು' ಅನ್ನೋದನ್ನ ಯಾರ ಹಾಳೆಯಿಂದ ಕತ್ತರಿಸಿದೆ? ನಿನ್ನ ಅತ್ತೇದಾ?"

ದಫಿನಾ ಒಲೆಯ ಕಡೆ ತಿರುಗಿದಳು. ಏನೂ ಬೇಯುತ್ತಿರದ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮುಚ್ಚಿದಳು.

"ಅಂಚೆಯವನಿಗೆ ಕಣ್ಣು ಕಾಣಲ್ಲ ಅಂತ ನಿವೃತ್ತಿ ಕೊಟ್ರಂತೆ," ಅಂದಳು. "ಸುಳ್ಳು ಹೇಳಿದ್ರು ಅಂತ ಕಾಣುತ್ತೆ."

"ಎಲ್ಲಿಟ್ಟಿದೀಯ?"

"ಏನನ್ನ?"

"ದಫಿನಾ, ನಾನು ನಿನ್ನ ಮದುವೆ ಕಾಗದ ಹಂಚಿದವನು. ಗೆಂಚೊ ಸಂಜೆ ಪೊಲೀಸರನ್ನ ಕರೀತಾನೆ. ಅವನು ಹೇಳೋ ಹೆಸರು ನಿಂದಲ್ಲ. ಆ ಹುಡುಗಿ ರಾಲಿತ್ಸಾಳದ್ದು."

ಅವಳು ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದಳು. ಆಮೇಲೆ ಒಳಕೋಣೆಗೆ ಹೋದಳು. ಹಿಂದಿರುಗಿದಾಗ ಎರಡೂ ಕೈಯಲ್ಲಿ, ಆಗಷ್ಟೇ ಒಲೆಯಿಂದ ತೆಗೆದ ರೊಟ್ಟಿ ತರುವವಳ ಹಾಗೆ, ಬಿಳಿ ಬಟ್ಟೆ ಸುತ್ತಿದ ಚಪ್ಪಟೆ ಪೆಟ್ಟಿಗೆಯೊಂದಿತ್ತು. ಬಟ್ಟೆ ಸರಿಸಿದಳು. ಮುಚ್ಚಳದ ಮೇಲೆ ದುಂಡಗಿನ ಚೀಟಿ. ಚೀಟಿಯ ಮೇಲೆ 7.

"ಇವನು ಇದರೊಳಗಿದಾನೆ," ಎಂದಳು.

*

ಹೋದ ಸೆಪ್ಟೆಂಬರಿನಲ್ಲಿ ರಾಲಿತ್ಸಾ ಮಕ್ಕಳಿಗೊಂದು ಕೆಲಸ ಕೊಟ್ಟಿದ್ದಳು. ಪ್ರತಿಯೊಬ್ಬರೂ ಊರಿನ ಒಬ್ಬ ಹಿರಿಯರ ಮಾತು ಹಿಡಿದಿಡಬೇಕು. ಕಲಿನಾ ಎಂಬ ಹುಡುಗಿ ತ್ಸೋಲೊನನ್ನು ಆರಿಸಿಕೊಂಡಳು. ನಲವತ್ತು ನಿಮಿಷ ಮಾತಾಡಿಸಿದಳು. ಅಕ್ಟೋಬರಿನಲ್ಲಿ ತ್ಸೋಲೊ ಸತ್ತ.

"ಮೇಡಂಗೆ ಕೇಳಿದೆ," ದಫಿನಾ ಹೇಳಿದಳು. "ಅವನ ದನಿ ನನಗೆ ಬೇಕು ಮಗಳೇ ಅಂದೆ. ಬೇರೆ ಕಡೆ ಹಾಕಿಕೊಡ್ತೀನಿ ಅಜ್ಜಿ ಅಂದ್ಲು. ಒಳ್ಳೇ ಹುಡುಗಿ. ಆದ್ರೆ ಅವಳಿಗೆ ನೂರು ಕೆಲಸ, ಮರ್ತೇಹೋಯ್ತು. ಮತ್ತೆ ಕೇಳೋಕೆ ನನಗೆ ಮುಖ ಇರ್ಲಿಲ್ಲ. ಆಮೇಲೆ ಬುಧವಾರ ರೊಟ್ಟಿಯಂಗಡೀಲಿ ಮಕ್ಕಳು ಮಾತಾಡ್ಕೊಂಡ್ರು. ಸೋಮವಾರ ಸೋಫಿಯಾದವಳು ಬಂದು ಎಲ್ಲಾ ಯಂತ್ರ ಒರೆಸಿ ಹೊಸದು ಮಾಡ್ತಾಳಂತೆ ಅಂತ."

"ಒರೆಸಿ?"

"ಒರೆಸಿ. ಮೇಜು ಒರೆಸಿದ ಹಾಗೆ."

"ಬೀಗದ ಕೈ ಎಲ್ಲಿತ್ತು?"

ಅವಳು ಗೋಡೆಯ ಮೊಳೆಯ ಕಡೆ ಗಲ್ಲ ಎತ್ತಿದಳು. ತ್ಸೋಲೊನ ಅಕಾರ್ಡಿಯನ್ ಪಟ್ಟಿಗೆ ಕಟ್ಟಿದ ಹಳೆಯ ಕಬ್ಬಿಣದ ಕೀಲಿಕೈ. ನಾಟಕದ ಕಾಲದ್ದು. ಬಾಗಿಲಿಗೆ ಬಣ್ಣ ಬದಲಾಗಿದ್ದರೂ ಬೀಗ ಬದಲಾಗಿರಲಿಲ್ಲ.

"ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಹಾಡುಹಗಲು. ಕೈಗಾಡಿ ತಳ್ಕೊಂಡು ಚೌಕ ದಾಟಿದೆ. ಎದುರು ಸಿಕ್ಕಿದವರೆಲ್ಲ 'ಸೊಪ್ಪು ಚೆನ್ನಾಗಿದೆ ದಫಿನಾ' ಅಂದ್ರು. ಒಬ್ಬರೂ ಸೊಪ್ಪಿನ ಕೆಳಗೆ ನೋಡ್ಲಿಲ್ಲ. ಮುದುಕಿ ಆಗೋದ್ರಲ್ಲಿ ಅದೊಂದು ಸುಖ ಇದೆ ನೋಡು."

"ಮುದ್ರಣಯಂತ್ರ ಯಾಕೆ ತಂದೆ?"

"ಆರು ತಿಂಗಳು ಹತ್ರ ಬಂತಲ್ಲ."

ಅಷ್ಟೇ ಉತ್ತರ. ವಲ್ಕೊಗೂ ಅದಕ್ಕಿಂತ ಬೇಕಿರಲಿಲ್ಲ.

"ಕೇಳಿದ್ಯಾ ಅವನ ದನಿ?"

ದಫಿನಾ ಕುರ್ಚಿಗೆ ಕುಸಿದಳು. ಇಷ್ಟು ಹೊತ್ತು ಇದ್ದ ಗಡಸು ಅವಳ ಮುಖದಿಂದ ಇಳಿದುಹೋಯಿತು.

"ಮುಚ್ಚಳ ತೆಗೀತೀನಿ. ಬೆಳಕು ಬರುತ್ತೆ. ಕಲಿನಾ ಅಂತ ಹೆಸರು ಬರುತ್ತೆ. ಕೆಳಗೆ ಒಂದು ಪೆಟ್ಟಿಗೆ. ಅದರಲ್ಲೇನೋ ಬರೀಬೇಕಂತೆ. 'ತ್ಸೋಲೊ' ಅಂತ ಬರ್ದೆ. ಬೇಡ ಅಂತು. 'ದಫಿನಾ' ಅಂತ ಬರ್ದೆ. ಬೇಡ ಅಂತು. ಮೂರು ದಿನದಿಂದ ಹಾಸಿಗೇಲಿ ಪಕ್ಕಕ್ಕೆ ಇಟ್ಕೊಂಡು ಮಲಗಿದೀನಿ ವಲ್ಕೊ. ಇಷ್ಟು ಹತ್ರ ಇದಾನೆ. ಮಾತಾಡಲ್ಲ."

ವಲ್ಕೊ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಳ ತೆಗೆದ.

ಮರೆಯಲಾರದ ಒಂದು ಪದವನ್ನು ಗುಟ್ಟಾಗಿ ಇಟ್ಟುಕೊಳ್ಳಿ ಎಂದು ರಾಲಿತ್ಸಾ ಮಕ್ಕಳಿಗೆ ಹೇಳಿದ್ದಳು. ಯಾರಿಗೂ ಹೇಳಬೇಡಿ ಎಂದಿದ್ದಳು. ಯಾರೂ ಹೇಳಿರಲಿಲ್ಲ. ಆದರೆ ಚಿಕ್ಕವರು ಅಕ್ಷರ ಒತ್ತುವಾಗ ತುಟಿಯನ್ನೂ ಆಡಿಸುತ್ತಾರೆ. ಹಿಂದಿನ ಬೆಂಚಿನಿಂದ ವಲ್ಕೊ ವರ್ಷಕ್ಕೂ ಮೇಲೆ ಆ ತುಟಿಗಳನ್ನು ನೋಡಿದ್ದ. ಪ್ರತಿ ಮಗುವೂ ಬರೆಯುತ್ತಿದ್ದುದು ತಾಯಿಯ ಹೆಸರು. ಅವರು ಒಬ್ಬರಿಗೊಬ್ಬರು ಹೇಳಿಕೊಂಡು ಹಾಗೆ ಮಾಡಿದ್ದಲ್ಲ.

ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಅವನು 'ಮಾರಿಯೆಲಾ' ಎಂದು ಬರೆದ.

ಯಂತ್ರ ತೆರೆದುಕೊಂಡಿತು.

*

ತ್ಸೋಲೊನ ಹೆಸರಿನ ಗುರುತು ಸಿಗಲು ಇಬ್ಬರೂ ತಲೆ ತಾಗಿಸಿ ಹತ್ತು ನಿಮಿಷ ಒದ್ದಾಡಿದರು. "ಇಲ್ಲಿ ಒತ್ತು." "ಒತ್ತಬೇಡ, ಅದು ಹೋಗ್ಬಿಡುತ್ತೆ." "ನೀನು ಕೈ ತೆಗಿ ಮೊದಲು." ಕೊನೆಗೆ ಯಾರ ಬೆರಳು ತಾಗಿತೋ, ಒಂದು ಕೆಮ್ಮು ಕೇಳಿಸಿತು.

ಅಡುಗೆಮನೆ ತುಂಬ ತ್ಸೋಲೊನ ಕೆಮ್ಮು.

"ಅಜ್ಜಾ, ನಿಮಗೆ ಎಲ್ಲಕ್ಕಿಂತ ಇಷ್ಟದ ಹಾಡು ಯಾವುದು?" ಎಂದು ಹುಡುಗಿ ಕೇಳಿದಳು.

"ಹಾಡಾ? ಹಾಡು ಬಾರಿಸಿ ಬಾರಿಸಿ ನನಗೆ ಸಾಕಾಗಿದೆ ಮಗೂ. ಬೆಳಿಗ್ಗೆ ನಮ್ಮನೆಯವಳು ಅಡುಗೆಮನೇಲಿ ತಟ್ಟೆ ಇಡೋ ಸದ್ದು ಇದೆಯಲ್ಲ, ಅದು. ನಾನು ನಿದ್ದೇಲಿದೀನಿ ಅಂದ್ಕೊಂಡು ಮೆಲ್ಲಗಿಡ್ತಾಳೆ. ನಾನು ಎಚ್ಚರವಾಗೇ ಇರ್ತೀನಿ. ತಟ್ಟೆ ಸದ್ದಲ್ಲೇ ಇವತ್ತು ಬೈತಾಳೋ ಇಲ್ವೋ ಗೊತ್ತಾಗುತ್ತೆ. ಅವಳಿಗೆ ಹೇಳ್ಬೇಡ, ಆಮೇಲೆ ಇಡೋದನ್ನೇ ನಿಲ್ಲಿಸ್ತಾಳೆ."

ಹುಡುಗಿಯ ನಗು, ತ್ಸೋಲೊನ ನಗು, ಮತ್ತೆ ಕೆಮ್ಮು.

ದಫಿನಾ ಎರಡೂ ಅಂಗೈಯನ್ನು ಮೇಜಿನ ಮೇಲೆ ಒತ್ತಿ ಕೂತಿದ್ದಳು.

"ಎಚ್ಚರ ಇದ್ನಂತೆ," ಎಂದಳು. "ನಲವತ್ತೊಂದು ವರ್ಷ. ಗೊತ್ತಿದ್ರೆ ಜೋರಾಗಿ ಇಡ್ತಿದ್ದೆ."

ವಲ್ಕೊ ಕಿಟಕಿಯ ಕಡೆ ಮುಖ ಮಾಡಿದ. ಅವಳು ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಳ್ಳುವವರೆಗೆ ತಿರುಗಲಿಲ್ಲ.

"ಸರಿ ದಫಿನಾ. ಇದನ್ನ ನಿನ್ನಿಂದ ಯಾರೂ ಕಿತ್ಕೊಳ್ಳಲ್ಲ. ದನಿ ತೆಗೆದು ಕೊಟ್ಟ ಮೇಲೇ ಯಂತ್ರ ವಾಪಸು. ನನ್ನ ಮಾತು. ಈಗ ಉಳಿದದ್ದನ್ನ ತೋರಿಸು. ಎಲ್ಲಿದೆ, ಕೊಟ್ಟಿಗೇಲಾ?"

"ಮುದ್ರಣಯಂತ್ರ ಮಂಚದ ಕೆಳಗಿದೆ."

"ಬಾಕಿ ಹನ್ನೊಂದು ಕಂಪ್ಯೂಟರು?"

"ಯಾವ ಹನ್ನೊಂದು?"

"ಹನ್ನೆರಡು ಹೋಗಿದೆ ಅಲ್ವಾ."

"ಯಾರಂದ್ರು?" ದಫಿನಾ ನೆಟ್ಟಗಾದಳು. "ನಾನು ತಂದಿದ್ದು ಒಂದು. ಏಳನೇದು. ಬೀರು ತೆಗೆದಾಗ ಎಲ್ಲಾ ಸಾಲಾಗಿ ನಿಂತಿದ್ವು. ನಾನು ಇದೊಂದನ್ನ ಎಳ್ಕೊಂಡು ಬೀರು ಮುಚ್ಚಿ, ಬಾಗಿಲಿಗೆ ಬೀಗ ಹಾಕಿ ಬಂದೆ. ಹನ್ನೊಂದು ಅಲ್ಲೇ ಇತ್ತು ವಲ್ಕೊ. ತ್ಸೋಲೊನ ಮೇಲಾಣೆ."

ತ್ಸೋಲೊನ ಮೇಲೆ ಆಣೆ ಹಾಕಿ, ಅದೂ ಅವನ ದನಿಯ ಎದುರಿಗೆ, ಅವಳು ಸುಳ್ಳು ಹೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಓದುಮನೆಯ ಮೆಟ್ಟಿಲ ಮೇಲೆ ಕೂತು 'ಹನ್ನೆರಡೂ ಹೋಯ್ತು ಮಾಮಾ' ಎಂದು ಅತ್ತವಳು ರಾಲಿತ್ಸಾ. ಇವತ್ತು ಬೆಳಿಗ್ಗೆ ಅವಳು ಊರಲ್ಲಿರಲಿಲ್ಲ. ಲೋಮ್‌ಗೆ ಹಲ್ಲಿನ ವೈದ್ಯರ ಹತ್ತಿರ ಹೋಗಿಬರ್ತೀನಿ ಎಂದಿದ್ದಳು. ಪಾಪ, ಮೂರು ದಿನದಿಂದ ಊಟ ಬಿಟ್ಟವಳಿಗೆ ಹಲ್ಲುನೋವೂ ಬಂತಲ್ಲ ಎಂದು ವಲ್ಕೊ ಕನಿಕರಪಟ್ಟಿದ್ದ.

ಬುಧವಾರ ಎರಡರ ನಂತರ ಆ ಬಾಗಿಲು ತೆಗೆದವರು ಯಾರು? ಈಗ ಕೀಲಿಕೈ ಮೂರು. ಒಂದು ಮೊಳೆಗೆ ತೂಗುತ್ತಿದೆ. ಒಂದು ತನ್ನ ಜೇಬಿನಲ್ಲಿದೆ.

ಅವನು ಮುಂದೆ ಯೋಚಿಸಲು ಇಷ್ಟಪಡಲಿಲ್ಲ.

"ಇದೇನಿದು?" ಎಂದಳು ದಫಿನಾ.

ಪರದೆಯ ಕೆಳಗಿನ ಅಂಚಿನಲ್ಲಿ ಹನ್ನೆರಡು ಪುಟ್ಟ ಚುಕ್ಕೆಗಳು ಸಾಲಾಗಿ ಮೂಡಿದ್ದವು. ವಲ್ಕೊಗೆ ಅವು ಗೊತ್ತು. ಓದುಮನೆಯ ಅಂತರ್ಜಾಲ ಚೌಕ ದಾಟಿ ಈ ಅಡುಗೆಮನೆಯವರೆಗೂ ಬರುತ್ತದೆ. ಅದಕ್ಕೇ ಮಕ್ಕಳು ಸಂಜೆ ದಫಿನಾಳ ಗೋಡೆಯ ಮೇಲೆ ಕೂರುವುದು, ಅವಳು ಬೈದು ಅಕ್ರೋಟು ಕೊಡುವುದು. ಅಂತರ್ಜಾಲ ಸಿಕ್ಕರೆ ಯಂತ್ರಗಳು ಎಲ್ಲಿದ್ದರೂ, ತೆರೆದಾಗ ಒಂದಕ್ಕೊಂದು ಹೀಗೆ ಗುರುತು ಹೇಳುತ್ತವೆ. ತೆರೆದ ಯಂತ್ರದ ಚುಕ್ಕೆ ಹಸಿರು, ಮುಚ್ಚಿದ್ದು ಬೂದು.

ಏಳನೆಯ ಚುಕ್ಕೆ ಹಸಿರಾಗಿತ್ತು. ಅದು ಇವರ ಮುಂದಿರುವುದು.

ಅವನು ನೋಡುತ್ತಿದ್ದ ಹಾಗೆ ಮೂರನೆಯದು ಹಸಿರಾಯಿತು. ಆಮೇಲೆ ನಾಲ್ಕು. ಒಂದು. ಒಂಬತ್ತು, ಹತ್ತು. ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಕುರ್ಚಿಯಲ್ಲಿ ಕೂತ ಹಾಗೆ ಹನ್ನೊಂದೂ ಹೊತ್ತಿಕೊಂಡವು.

"ಎಲ್ಲೋ ಇವೆ," ಎಂದ ವಲ್ಕೊ. "ಈಗ, ಈ ಕ್ಷಣ, ಯಾರೋ ಎಲ್ಲವನ್ನೂ ತೆಗೀತಿದಾರೆ."

ಯಂತ್ರ ಗಂಟೆ ಬಾರಿಸಿತು. ಒಂದನೆಯ ಚುಕ್ಕೆಯಿಂದ ಕರೆ. ಶುಕ್ರವಾರಗಳಲ್ಲಿ ಮಕ್ಕಳು ಒತ್ತುತ್ತಿದ್ದ ಹಸಿರು ಗುಂಡಿಯನ್ನು ಅವನು ಒತ್ತಿದ.

ಒಂದು ಕೋಣೆ ಕಾಣಿಸಿತು. ಉದ್ದನೆಯ ಮೇಜು. ಮೇಜಿನ ಸುತ್ತ ಮಕ್ಕಳು, ಅವರ ಮುಂದೆ ದುಂಡು ಚೀಟಿಯ ಯಂತ್ರಗಳು. ವಲ್ಕೊ ಒಂದೊಂದೇ ಮುಖ ನೋಡಿದ. ಬ್ರೆಸ್ತಾದ ಪ್ರತಿ ಮಗುವಿನ ಅಜ್ಜನ ಮುಖವೂ ಅವನಿಗೆ ಗೊತ್ತು. ಇವರಲ್ಲಿ ಒಬ್ಬರೂ ಬ್ರೆಸ್ತಾದವರಲ್ಲ.

ಪರದೆಗೆ ಅಡ್ಡಲಾಗಿ ಯಾರೋ ಬಂದರು. ಕೂದಲು ಕಿವಿಯ ಹಿಂದಕ್ಕೆ ಸರಿಸುತ್ತ ಬಗ್ಗಿ ನೋಡಿದರು.

ರಾಲಿತ್ಸಾ.

"ಮಾಮಾ," ಎಂದಳು. ಆಮೇಲೆ, ಬಹಳ ಬೇಗ, "ಏಳನೇದು ನಿಮ್ಮ ಹತ್ರ ಇದೆಯಾ? ದೇವರೇ, ನಾನು ಎಲ್ಲೆಲ್ಲೋ ಹುಡುಕಿದೆ. ಯಾರಿಗೂ ಹೇಳ್ಬೇಡಿ ಮಾಮಾ, ದಯವಿಟ್ಟು. ಸೋಮವಾರದವರೆಗೆ ಮಾತ್ರ. ಆ ಯಂತ್ರ ನನಗೆ ತಂದುಕೊಡಿ. ಇಲ್ಲಿ ಇನ್ನೊಂದು ಮಗು ಕಾಯ್ತಾ ಇದೆ. ಯಂತ್ರ ಬಂದ್ರೆ ಹನ್ನೆರಡು ಮಕ್ಕಳಾಗ್ತಾರೆ, ಶುಕ್ರವಾರ ಉಳಿಯುತ್ತೆ. ಬರದಿದ್ರೆ ಎಲ್ಲಾ ಹೋಗುತ್ತೆ."

"ಕೊಡಲ್ಲ!" ದಫಿನಾ ಯಂತ್ರದ ಮೇಲೆ ಎರಡೂ ತೋಳು ಚಾಚಿದಳು. "ಅವನನ್ನ ಒರೆಸೋದಕ್ಕೆ ನಾನು ಕೊಡಲ್ಲ. ವಲ್ಕೊ, ನೀನು ಮಾತು ಕೊಟ್ಟಿದೀಯ!"

"ತಡಿ ದಫಿನಾ." ಅವನು ಪರದೆಗೆ ಬಗ್ಗಿದ. "ಎಲ್ಲಿದ್ದೀಯ ಮಗಳೇ?"

"ಲೋಮ್‌ನಲ್ಲೇ ಮಾಮಾ. ಇಲ್ಲಿ ನನ್ನ ಗೆಳತಿಯ ಶಾಲೆ."

ಅವಳ ಬೆನ್ನ ಹಿಂದೆ ಅಗಲವಾದ ಕಿಟಕಿಯಿತ್ತು. ಕಿಟಕಿಯಾಚೆ ಡಾನ್ಯೂಬ್, ಹಿಮ ಕರಗಿದ ನೀರಿನಿಂದ ಕಂದಾಗಿ ಉಬ್ಬಿತ್ತು. ಬೇರು ಸಮೇತ ಕಿತ್ತುಬಂದ ಮರವೊಂದು ನೀರಿನಲ್ಲಿ ತೇಲುತ್ತಿತ್ತು, ಅದರ ಮೇಲೆ ಎರಡು ಕಡಲಕಾಗೆ. ಮರ ಪರದೆಯ ಬಲಗಡೆ ಕಾಣಿಸಿತು, ರಾಲಿತ್ಸಾಳ ತಲೆಯ ಹಿಂದೆ ಮರೆಯಾಯಿತು, ಎಡಗಡೆ ಹೊರಬಂದು ಹಾಗೇ ಎಡಕ್ಕೆ ಸಾಗಿತು.

ಹೊಳೆಗೆ ಮುಖ ಮಾಡಿ ನಿಂತರೆ ಬ್ರೆಸ್ತಾದಲ್ಲಿ ನೀರು ಬಲಗೈ ಕಡೆಗೆ ಹರಿಯುತ್ತದೆ. ಲೋಮ್‌ನಲ್ಲೂ ಬಲಗೈ ಕಡೆಗೇ. ಈ ದಡದ ಯಾವ ಊರಿನ ಯಾವ ಕಿಟಕಿಯಿಂದ ನೋಡಿದರೂ ಅಷ್ಟೇ. ಮೂವತ್ತೆಂಟು ವರ್ಷ ಆ ನೀರಿನ ಪಕ್ಕ ಸೈಕಲ್ ತುಳಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಎಡಕ್ಕೆ ಹರಿಯುವುದು ಆಚೆ ದಡದಿಂದ ನೋಡಿದಾಗ ಮಾತ್ರ. ರುಮೇನಿಯಾದಿಂದ.

"ತರ್ತೀನಿ," ಎಂದ ವಲ್ಕೊ ಮೆಲ್ಲಗೆ. "ದೋಣಿ ಎಷ್ಟು ಗಂಟೆಗೆ, ಮಗಳೇ?"

ರಾಲಿತ್ಸಾ ತಿರುಗಿ ಕಿಟಕಿಯನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. ಅವಳ ತುಟಿ ಏನೋ ಹೇಳಲು ತೆರೆಯಿತು. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಚಾಚಿ ಬಂತು. ಅದು ಗಂಡಸಿನ ಕೈ, ಬೆರಳಿಗೆ ದಪ್ಪ ಉಂಗುರ. ಆ ಕೈ ಮುಚ್ಚಳವನ್ನು ಮುಚ್ಚಿತು.

ಒಂದನೆಯ ಚುಕ್ಕೆ ಬೂದಾಯಿತು, ಅದರ ಹಿಂದೆಯೇ ಒಂದೊಂದಾಗಿ ಉಳಿದ ಹತ್ತೂ.